ಹಿತವಾಣಿ ತಡೆದಿಟ್ಟ ಏಳು ವಾಕ್ಯಗಳು

ಆ ದಿನ ಡಾಕ್ಟರು ಆಡಿದ್ದು ಹನ್ನೊಂದು ವಾಕ್ಯ. ಫಕೀರವ್ವನ ಕಿವಿಗೆ ಬಂದದ್ದು ನಾಲ್ಕು. ಪಕ್ಕದ ಕುರ್ಚಿಯಲ್ಲೇ ಕೂತಿದ್ದ ಅವಳ ಗಂಡ ಶೇಖಪ್ಪನ ಕಿವಿಗೆ ಹನ್ನೊಂದೂ ಬಂದವು. ಇಬ್ಬರೂ ಒಂದೇ ಮಾತು ಕೇಳಿದೆವೆಂದು ತಿಳಿದು, ಒಂದೇ ಬಸ್ಸಿನಲ್ಲಿ ಊರಿಗೆ ಮರಳಿದರು.

ಹುಬ್ಬಳ್ಳಿಯ ಹೊರವಲಯದಲ್ಲಿದ್ದ ಆ ಮಕ್ಕಳ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆರು ವರ್ಷಗಳಿಂದ ಡಾಕ್ಟರು ಮತ್ತು ತಂದೆತಾಯಿಗಳು ನೇರವಾಗಿ ಮಾತನಾಡುತ್ತಿರಲಿಲ್ಲ. ನಡುವೆ ‘ಹಿತವಾಣಿ’ ಎಂಬ ಅನುವಾದದ ಯಂತ್ರ ಇತ್ತು. ಡಾಕ್ಟರು ಎದುರಿನ ಪರದೆ ನೋಡುತ್ತ ಕೊರಳಿನ ಮೈಕಿನಲ್ಲಿ ತಮ್ಮ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳುತ್ತಿದ್ದರು. ಅದು ತಾಯಿಯ ಕಿವಿಗೆ ಸಿಕ್ಕಿಸಿದ ಗುಂಡಿಯಲ್ಲಿ ಅವಳ ಊರಿನ ಕನ್ನಡವಾಗಿ, ಅವಳ ಮನೆಯ ಹಿರಿಯರ ದನಿಯಂಥ ದನಿಯಲ್ಲಿ ಬರುತ್ತಿತ್ತು. ಮುಂಗೈಗೆ ಕಟ್ಟಿದ ಪಟ್ಟಿ ನಾಡಿಯ ಬಡಿತವನ್ನೂ ಮಾತಿನ ನಡುಕವನ್ನೂ ಅಳೆಯುತ್ತಿತ್ತು. ಕೇಳುವವರಿಗೆ ತಾಳಲಾಗದು ಎಂದು ಕಂಡರೆ ಯಂತ್ರ ಮಾತನ್ನು ಮೆದುವಾಗಿಸುತ್ತಿತ್ತು. ಮೆದುವಾಗದ್ದನ್ನು ತಡೆದಿಟ್ಟುಕೊಂಡು, ಮುಂದೆ ನಾಡಿ ಇಳಿದ ದಿನ ಹೇಳಲು ಕಾಯುತ್ತಿತ್ತು.

ಫಕೀರವ್ವನ ನಾಡಿ ಆ ಆಸ್ಪತ್ರೆಯ ಮೆಟ್ಟಿಲ ಮೇಲೆ ಒಂದು ದಿನವೂ ಇಳಿದಿರಲಿಲ್ಲ.

ಅವಳು ಗದಗ–ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್. ಬಸ್ಸುಗಳಿಗೆ ಡ್ರೈವರು ಬೇಡವಾಗಿ ಎಂಟು ವರ್ಷ ಕಳೆದಿದ್ದವು, ಆದರೆ ಕಂಡಕ್ಟರನ್ನು ತೆಗೆಯಲು ಆಗಿರಲಿಲ್ಲ. ಜನರ ಜೊತೆ ಜಗಳವಾಡುವುದು ಯಾವ ಯಂತ್ರಕ್ಕೂ ಬಂದಿರಲಿಲ್ಲ. ಶೇಖಪ್ಪ ಬೆಟಗೇರಿಯ ಓಣಿಗಳಿಗೆ ಸರದಿಯಂತೆ ನೀರು ಬಿಡುವ ಕೆಲಸದವನು. ಬಿಟ್ಟಿದ್ದೇನೆ, ಬಿಟ್ಟಿಲ್ಲ ಎನ್ನುವ ಎರಡು ಮಾತಿನಲ್ಲಿ ದಿನ ಮುಗಿಸುವಂಥವನು. ಒಬ್ಬಳೇ ಮಗಳು ದಾನೇಶ್ವರಿ, ಮನೆಯಲ್ಲಿ ದಾನಿ, ಒಂಬತ್ತು ವರ್ಷ. ಹದಿನಾಲ್ಕು ತಿಂಗಳಿಂದ ಅವಳ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ನಡೆದಿತ್ತು.

ಫಕೀರವ್ವ ಕೇಳಿದ ನಾಲ್ಕು ವಾಕ್ಯ ಇವು: “ಮೊದಲಿನ ಔಷಧ ಇನ್ನ ಸಾಲೂದಿಲ್ಲವ್ವಾ. ಬ್ಯಾರೆ ಔಷಧ ಸುರು ಮಾಡ್ತೀವಿ. ಮುಂದ ಸ್ವಲ್ಪ ದಿನ ದವಾಖಾನಿಯೊಳಗ ಇರಬೇಕಾಗತೈತಿ. ಧೈರ್ಯ ಇಟ್ಕೋ.”

ಅವಳು ಧೈರ್ಯ ಇಟ್ಟುಕೊಂಡಳು.

*

ಹೊಸ ಔಷಧ ನಡೆದಿದ್ದ ಎರಡು ತಿಂಗಳು ಬೆಟಗೇರಿಯ ಆ ಮನೆಯಲ್ಲಿ ಇಬ್ಬರು ಎರಡು ಲೋಕದಲ್ಲಿ ಬದುಕಿದರು. ಫಕೀರವ್ವ ಮಗಳ ಶಾಲೆಗೆ ಹೋಗಿ ನಾಲ್ಕನೆಯ ತರಗತಿಗೆ ಹೆಸರು ಬರೆಸಿ ಬಂದಳು, ಪುಸ್ತಕಗಳಿಗೆ ರಟ್ಟು ಹಾಕಿದಳು. ಶೇಖಪ್ಪ ಆ ಪುಸ್ತಕಗಳನ್ನು ಕಂಡರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಮಗಳು ಮಲಗಿದ್ದಾಗ ಅವಳ ಕಾಲ ಬಳಿ ಕೂತು ಅಂಗಾಲನ್ನೇ ನೋಡುತ್ತಿದ್ದ. ಇವನಿಗೆ ಏನಾಯಿತು ಎಂದು ಅವಳಿಗೆ ಸಿಟ್ಟು. ಇವಳ ಎದೆ ಎಂಥದ್ದು ಎಂದು ಅವನಿಗೆ ಸಿಟ್ಟು. ಯಾರೂ ಬಾಯಿ ಬಿಡಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ, ದಾನಿ ನೆರೆಮನೆಯಲ್ಲಿದ್ದಾಗ, ಶೇಖಪ್ಪ ಹೇಳಿದ: “ಊರಾಗಿಂದ ನಮ್ಮವ್ವನ್ನ ಕರಸ್ತೀನಿ. ಒಮ್ಮೆ ಕೂಸಿನ ಮಾರಿ ನೋಡಿ ಹೋಗ್ಲಿ.”

ರೊಟ್ಟಿ ಬಡಿಯುತ್ತಿದ್ದ ಫಕೀರವ್ವನ ಕೈ ನಿಂತಿತು. “ಮಾರಿ ನೋಡೂದಂದ್ರ? ಏನ್ ಮಾತ್ರಿ ಅದು? ಬಾಯಾಗ ಒಳ್ಳೇದು ಬರೂದಿಲ್ಲೇನು ನಿಮಗ?”

“ಎಲ್ಲಾ ಗೊತ್ತಿದ್ದೂ ಹಿಂಗ ಕುಣೀತಿಯಲ್ಲ, ನಿಂದು ಎದೀನೋ ಕಲ್ಲೋ?”

“ಏನ್ ಗೊತ್ತಿದ್ದು?”

“ಹತ್ತು ಹುಡುಗರಾಗ ಮೂರೋ ನಾಲ್ಕೋ ಉಳೀತಾವ ಅಂದಾರಲ್ಲ ಡಾಕ್ಟರು!” ಶೇಖಪ್ಪನ ದನಿ ಒಡೆಯಿತು. “ನೀ ನನ್ನ ಬಾಜೂಕ ಕುಂತಿದ್ದೆಲ್ಲ!”

ಫಕೀರವ್ವ ಹಂಚಿನ ಮೇಲಿನ ರೊಟ್ಟಿ ಸೀಯುವುದನ್ನು ನೋಡುತ್ತ ನಿಂತಳು. ಅವನಿಗೆ ಭ್ರಮೆಯೇ? ಹದಿನೈದು ವರ್ಷದ ಸಂಸಾರದಲ್ಲಿ ಆ ಮನುಷ್ಯ ಇಲ್ಲದ್ದೊಂದನ್ನು ಆಡಿದವನಲ್ಲ. ಒಲೆ ಆರಿಸಿ ಬಂದು ಅವನೆದುರು ನೆಲದ ಮೇಲೆ ಕೂತಳು.

“ನಿಮಗ ಏನೇನ್ ಹೇಳ್ಯಾರ, ಅಷ್ಟೂ ಹೇಳ್ರಿ. ಒಂದೂ ಬಿಡಬ್ಯಾಡ್ರಿ.”

ಅವನಿಗೆ ಅದು ಬಾಯಿಪಾಠವಾಗಿತ್ತು. ರೋಗ ಮರಳಿ ಬಂದಿದೆ ಎಂಬುದರಿಂದ ಹಿಡಿದು ಹೇಳಿದ. ಮೊದಲಿನ ಔಷಧಕ್ಕೆ ಅದು ಬಗ್ಗದು. ಹೊಸ ಔಷಧ ಕೊಟ್ಟು ರೋಗ ಅಡಗಿಸಿ, ಆಮೇಲೆ ಬೇರೆಯವರ, ಹೊಂದಿದರೆ ಅಪ್ಪನದೇ, ಅಸ್ಥಿಮಜ್ಜೆ ಹಾಕುವುದೊಂದೇ ದೊಡ್ಡ ದಾರಿ. ಆ ದಾರಿಯಲ್ಲೂ ಹತ್ತರಲ್ಲಿ ಮೂರು ನಾಲ್ಕು ಮಕ್ಕಳು ಮಾತ್ರ ದಾಟುತ್ತಾರೆ. ಕೆಲವರು ಚಿಕಿತ್ಸೆಯ ಏಟಿಗೇ ಹೋಗುವುದುಂಟು. ಅದು ಬೇಡವೆಂದರೆ, ನೋವಾಗದಂತೆ ಮನೆಯಲ್ಲೇ ನೋಡಿಕೊಳ್ಳುವ ಇನ್ನೊಂದು ದಾರಿಯೂ ಇದೆ. ಯಾವುದು ಎಂದು ನೀವಿಬ್ಬರೂ ಮಾತಾಡಿಕೊಂಡು ಹೇಳಿ.

“ಮಾತಾಡಿಕೊಂಡು ಅಂದ್ರಾ?” ಎಂದಳು ಫಕೀರವ್ವ.

“ಅಂದ್ರು. ನೀ ಏನೂ ಕೇಳ್ಲಿಲ್ಲ. ಮಜ್ಜಿ ಹಾಕೂ ಇಂಗ್ಲಿಷ್ ಕಾಗದಕ್ಕ ಹೆಬ್ಬೆಟ್ಟ ಒತ್ತಿದಿ. ನಿನ್ನ ತೀರ್ಮಾನ ಆಗೇತಿ ಅಂತ ನಾನೂ ಒತ್ತಿದೆ.”

“ನಾ ಒತ್ತಿದ್ದು ಬ್ಯಾರೆ ಔಷಧಕ್ಕ!”

ಅವಳು ಗೋಡೆಗೆ ತಲೆ ಆನಿಸಿದಳು. ಬಹಳ ಹೊತ್ತು ಅತ್ತಳು. ಅಳು ನಿಂತ ಮೇಲೆ ಮೊದಲು ಹೊರಟ ಮಾತು ಯಂತ್ರದ ಬಗ್ಗೆಯಾಗಿರಲಿಲ್ಲ. “ಎರಡು ತಿಂಗಳು ನೀವೊಬ್ಬರೇ ಹೊತ್ಕೊಂಡು ತಿರಗ್ಯಾಡಿದ್ರ್ಯಾ ಇದನ್ನ?” ಎಂದು ಗಂಡನ ಮೊಣಕಾಲು ಹಿಡಿದುಕೊಂಡಳು.

*

ಹಿತವಾಣಿಯ ನಿಯಂತ್ರಣ ಕೊಠಡಿ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿತ್ತು. ಅದನ್ನು ನಡೆಸುತ್ತಿದ್ದವಳು ಕೌಸರ್‌ಬಾನು, ಹಳೇ ಹುಬ್ಬಳ್ಳಿಯ ಹೆಣ್ಣುಮಗಳು. ಯಂತ್ರಕ್ಕೆ ಈ ಕಡೆಯ ಕನ್ನಡ ಕಲಿಸಿದವಳೇ ಅವಳು. ಮೂರು ವರ್ಷ ಹಳ್ಳಿಹಳ್ಳಿ ತಿರುಗಿ ಅಜ್ಜಿಯರ ಮಾತು ಮುದ್ರಿಸಿಕೊಂಡು ಬಂದಿದ್ದಳು. ಸೋಮವಾರ ಹನ್ನೊಂದಕ್ಕೆ, ಖಾಕಿ ಸಮವಸ್ತ್ರದಲ್ಲಿದ್ದ ಹೆಂಗಸೊಬ್ಬಳು ಬಾಗಿಲು ತಳ್ಳಿಕೊಂಡು ಒಳಬಂದಾಗ ಅವಳು ಎದ್ದು ನಿಂತಳು.

“ನಾ ದಾನೇಶ್ವರಿ ತಾಯಿ. ನನಗ ಹೇಳಲಾರದ್ದು ಎಷ್ಟ ಇಟ್ಕೊಂಡೀರಿ ಇದರಾಗ?”

“ಹಂಗ ನೋಡಾಕ ಬರೂದಿಲ್ರಿ ಅಕ್ಕಾರ…”

“ಯಾರ ಮಾತು? ನನ್ನ ಮಗಳ ಮಾತು. ನೋಡ್ರಿ.”

ಕೌಸರ್ ಒಂದು ಕ್ಷಣ ಅವಳ ಮುಖ ನೋಡಿ, ಪರದೆಯ ಮೇಲೆ ದಾಖಲೆ ತೆರೆದಳು. ಆ ದಿನದ ಏಳು ವಾಕ್ಯ ಕೆಂಪಗಿದ್ದವು. ಅದಕ್ಕೂ ಹಿಂದಿನವು ಬೇರೆ, ಒಟ್ಟು ಅರವತ್ತಕ್ಕೂ ಮೇಲೆ. ಪ್ರತಿಯೊಂದರ ಮುಂದೆಯೂ ಒಂದೇ ಟಿಪ್ಪಣಿ: ತಾಯಿಯ ನಾಡಿ ಮಿತಿ ಮೀರಿದೆ, ಮುಂದಿನ ಭೇಟಿಗೆ.

“ನಿಮ್ಮನ್ನ ಮೋಸ ಮಾಡಾಕ ಮಾಡಿದ್ದಲ್ಲರಿ ಇದನ್ನ,” ಎಂದಳು ಕೌಸರ್. “ನನ್ನ ತಮ್ಮಗೂ ಇದ ರೋಗ ಆಗಿತ್ತು. ಡಾಕ್ಟರ್ ಒಂದ ಉಸಿರಿಗೆ ಎಲ್ಲಾ ಹೇಳಿಬಿಟ್ರು. ನಮ್ಮ ಅಬ್ಬಾ ಅವತ್ತ ಅವನ್ನ ಎತ್ಕೊಂಡು ಮನಿಗೆ ಬಂದ್ರು. ಮತ್ತ ದವಾಖಾನಿ ಮೆಟ್ಟಿಲ ಹತ್ತಲಿಲ್ಲ. ಚಿಕಿತ್ಸಾ ಕೊಡಸಿದ್ರ ಉಳೀತಿದ್ದ ಅವ. ಈ ಯಂತ್ರ ಬಂದ ಮ್ಯಾಲೆ ಅರ್ಧಕ್ಕ ಬಿಟ್ಟು ಓಡಿಹೋಗೋರು ನೂರರಾಗ ಇಪ್ಪತ್ತಿದ್ದದ್ದು ನಾಕಕ್ಕ ಇಳದಾರ. ಅದನ್ನೂ ನೋಡ್ರಿ.”

ಅದು ಸುಳ್ಳಲ್ಲ ಎಂದು ಫಕೀರವ್ವನಿಗೆ ಕಂಡಿತು. ಸುಳ್ಳಾಗಿದ್ದರೆ ಜಗಳ ಸುಲಭವಿತ್ತು.

“ನಿಮ್ಮ ಅಬ್ಬಾ ಡಾಕ್ಟರ್ ಮುಂದ ಒಬ್ಬರೇ ಇದ್ರೇನು?” ಎಂದು ಕೇಳಿದಳು.

ಕೌಸರ್ ಪರದೆಯ ಕೆಂಪು ಸಾಲುಗಳ ಕಡೆ ತಿರುಗಿದಳು.

“ಒಬ್ಬರೇ ಇದ್ರು ಅಂತ ಕಾಣತೈತಿ. ಎಲ್ಲಾ ಒಮ್ಮೆಗೇ ಕೇಳಿದ್ದಕ್ಕ ಓಡ್ಯಾರವ್ವಾ ಅವರು, ಖರೇ ಕೇಳಿದ್ದಕ್ಕಲ್ಲ. ನನ್ನ ಗಂಡಗ ಮಾತ್ರ ಹ್ಯಾಂಗ ಎಲ್ಲಾ ಹೇಳಿತು ನಿಮ್ಮ ಯಂತ್ರ? ಅವನ ಎದಿ ಏನು ಕಬ್ಬಣದ್ದ?”

ಕೌಸರ್ ಶೇಖಪ್ಪನ ದಾಖಲೆ ತೆರೆದಳು. ರೋಗ ಮರಳಿದೆ ಎಂಬ ವಾಕ್ಯಕ್ಕೂ ಅವನ ನಾಡಿ ಅರವತ್ತೆರಡನ್ನು ದಾಟಿರಲಿಲ್ಲ. ಮಾತಿನ ನಡುಕದ ಅಂಕಣ ಖಾಲಿ. ಅವನು ಮಾತೇ ಆಡಿರಲಿಲ್ಲ. ಯಂತ್ರ ಅವನ ಹೆಸರಿನ ಮುಂದೆ ‘ಗಟ್ಟಿ ಮನಸ್ಸು’ ಎಂದು ಬರೆದುಕೊಂಡಿತ್ತು.

ಅವಳು ಪರದೆಯಿಂದ ಮುಖ ತಿರುಗಿಸದೆ ಕೇಳಿದಳು: “ನಿಮ್ಮ ಯಜಮಾನರು ಏನರ ಗುಳಿಗಿ ತಗೋತಾರೇನ್ರಿ?”

“ಬಿಪಿ ಗುಳಿಗಿ. ನಾಕೈದು ವರ್ಷ ಆತು.”

ಕೆಲವು ಬಿಪಿ ಮಾತ್ರೆಗಳು ಎದೆಬಡಿತವನ್ನು ಏರಗೊಡುವುದಿಲ್ಲ. ಒಳಗೆ ಬೆಂಕಿ ಬಿದ್ದರೂ ನಾಡಿ ತಣ್ಣಗೆ ನಡೆಯುತ್ತದೆ. ಯಂತ್ರ ಅಳೆದದ್ದು ಆ ಮನುಷ್ಯನ ಧೈರ್ಯವನ್ನಲ್ಲ, ಬೆಳಗಿನ ಒಂದು ಮಾತ್ರೆಯನ್ನು. ಕೌಸರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆರು ವರ್ಷದಲ್ಲಿ ಅವಳು ಎಲ್ಲವನ್ನೂ ಪರೀಕ್ಷಿಸಿದ್ದಳು; ಇದೊಂದನ್ನು ಯಾರೂ ಕೇಳಿರಲಿಲ್ಲ.

ಫಕೀರವ್ವ ಮುಂಗೈಯ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟಳು. “ಇನ್ನ ಇದನ್ನ ನಾ ಕಟ್ಟೂದಿಲ್ಲ. ಡಾಕ್ಟರ್ ನನ್ನ ಮಾರಿ ನೋಡಿ ಹೇಳ್ಲಿ.”

“ಪಟ್ಟಿ ಇಲ್ಲಂದ್ರ ಅವರ ಖೋಲಿ ಬಾಗಿಲಾ ತೆರಿಯೂದಿಲ್ರಿ. ನಿಯಮ ಐತಿ. ಶುಕ್ರವಾರ ಭರ್ತಿ ಆಗಬೇಕು ನಿಮ್ಮ ಮಗಳು, ಹಾಸಿಗಿ ಬ್ಯಾರೆಯವರಿಗೆ ಹೋಗಿಬಿಡತೈತಿ.”

“ನೋಡೂಣು,” ಎಂದು ಫಕೀರವ್ವ ಕೆಳಗಿಳಿದಳು.

*

ಕೆಳಗಿನ ಹಜಾರದಲ್ಲಿ ಐವತ್ತು ಅರವತ್ತು ಜನ ಕಾಯುತ್ತಿದ್ದರು. ತಲೆ ಬೋಳಾದ ಮಕ್ಕಳು, ಚೀಲ, ನೀರಿನ ಬಾಟಲಿ, ಎಲ್ಲರ ಮುಂಗೈಯಲ್ಲೂ ಬೂದು ಪಟ್ಟಿ. ಶೇಖಪ್ಪ ದಾನಿಯನ್ನು ರಕ್ತ ಪರೀಕ್ಷೆಗೆ ಒಳಗೆ ಬಿಟ್ಟು ಬಂದು ಕಂಬಕ್ಕೆ ಒರಗಿ ನಿಂತಿದ್ದ. ಫಕೀರವ್ವ ಹಜಾರದ ನಡುವೆ ನಿಂತು, ಸಂತೆ ದಿನದ ಬಸ್ಸಿನಲ್ಲಿ ಹಿಂದಿನ ಸೀಟಿಗೂ ಕೇಳುವ ತನ್ನ ದನಿ ತೆಗೆದಳು.

“ಒಂದ ಮಾತು ಕೇಳ್ತೀನಿ. ಗಂಡ ಹೆಂಡತಿ ಇಬ್ಬರೂ ಬಂದೋರು ಎಷ್ಟ ಮಂದಿ ಅದೀರಿ? ಹೋದ ಸಲ ಡಾಕ್ಟರ್ ನಿಮಗ ಏನ್ ಹೇಳಿದ್ರು ಅಂತ ಒಬ್ಬರಿಗೊಬ್ಬರು ಹೇಳ್ಕೋರಿ. ಈಗ. ಇಲ್ಲೇ.”

ಬಾಗಿಲ ಬಳಿ ಕೂತಿದ್ದ ನರಗುಂದದ ದಂಪತಿ ಗುಸುಗುಸು ಶುರುಮಾಡಿದರು. ಆ ಹೆಂಗಸು ತಟ್ಟನೆ, “ಕೂಸಿನ ಕಣ್ಣು ಹೋಗತೈತಿ ಅಂತ ನನಗ್ಯಾರು ಹೇಳಿದ್ರು?” ಎಂದಳು. ಇನ್ನೊಂದು ಮೂಲೆಯಲ್ಲಿ ಒಬ್ಬ ಗಂಡಸು ಹೆಂಡತಿಯ ಕೈ ಹಿಡಿದು, “ಮುಂದಿನ ತಿಂಗಳ ಚಿಕಿತ್ಸಾ ಮುಗೀತೈತಿ, ಮನಿಗೆ ಹೋಗಬಹುದು ಅಂದ್ರಾ? ನನಗ್ಯಾಕ ಅದನ್ನ ಹೇಳಲಿಲ್ಲ?” ಎಂದು ಕೇಳುತ್ತಿದ್ದ. ಒಳ್ಳೆಯ ಸುದ್ದಿಗೂ ಎದೆ ಹೊಡೆದುಕೊಳ್ಳುತ್ತದೆ; ಯಂತ್ರ ಅದನ್ನೂ ತಡೆದಿತ್ತು. ಹಜಾರ ಜೇನುಗೂಡಿನಂತೆ ಮೊರೆಯತೊಡಗಿತು.

ಹಿರಿಯ ಗಂಡಸೊಬ್ಬ ಎದ್ದು ನಿಂತು ಸಿಟ್ಟಿನಿಂದ ಹೇಳಿದ: “ನನಗ ಬ್ಯಾಡವಾ ತಂಗಿ. ನನ್ನ ಮೊಮ್ಮಗಂದು ನನಗ ಅಷ್ಟ ಗೊತ್ತಿದ್ರ ಸಾಕು. ಎಲ್ಲಾರೂ ನಿನ್ನಂಗ ಇರೂದಿಲ್ಲ.”

“ಬ್ಯಾಡಂದ್ರ ಬ್ಯಾಡ್ರಿ ಯಜಮಾನ್ರ, ತಪ್ಪಿಲ್ಲ,” ಎಂದಳು ಫಕೀರವ್ವ. “ಆದ್ರ ಬ್ಯಾಡ ಅನ್ನೂದು ನಿಮ್ಮ ಬಾಯಿಂದ ಬರಬೇಕು. ಮುಂಗೈ ಪಟ್ಟಿ ಹೇಳಬಾರದು.”

ಆಡಳಿತಾಧಿಕಾರಿ ಇಬ್ಬರು ಕಾವಲುಗಾರರೊಂದಿಗೆ ಬಂದ. ಪಟ್ಟಿಯಿಲ್ಲದೆ ಪಡೆದ ಒಪ್ಪಿಗೆ ಊರ್ಜಿತವಲ್ಲ, ದಯವಿಟ್ಟು ಹೊರಗೆ ನಡೆಯಿರಿ ಎಂದ. ಫಕೀರವ್ವ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಬಾಯಿಲ್ಲದ ಶೇಖಪ್ಪ ಬಂದು ಪಕ್ಕದಲ್ಲಿ ಕೂತ. ತನ್ನ ಪಟ್ಟಿ ಬಿಚ್ಚಿ ಮುಂದೆ ಇಟ್ಟ. ನರಗುಂದದ ಹೆಂಗಸು ತನ್ನದನ್ನು ತಂದು ಅದರ ಪಕ್ಕ ಇಟ್ಟಳು. ಸ್ವಲ್ಪ ಹೊತ್ತಿನಲ್ಲಿ ಅಲ್ಲೊಂದು ಸಣ್ಣ ಗುಡ್ಡೆಯೇ ಆಯಿತು.

ಗದ್ದಲ ಕೇಳಿ ದಾನಿಯನ್ನು ನೋಡುತ್ತಿದ್ದ ಡಾಕ್ಟರ್ ಗ್ರೇಸಿ ಮಥಾಯಸ್ ಹೊರಬಂದರು. ಮಂಗಳೂರಿನ ಕಡೆಯವರು, ಐವತ್ತು ದಾಟಿದವರು. ಅವರ ಕನ್ನಡವನ್ನು ಈ ಹಜಾರದಲ್ಲಿ ಯಾರೂ ಕೇಳಿರಲಿಲ್ಲ. ಅಧಿಕಾರಿ ಏನೋ ಹೇಳಹೊರಟ. ಅವರು ಕೈಯೆತ್ತಿ ತಡೆದು, ಗುಡ್ಡೆಯನ್ನೂ ಫಕೀರವ್ವನನ್ನೂ ನೋಡಿದರು.

“ನಿಮಗೆ ನಾನು ಹೇಳಿದ್ದು ಮುಟ್ಟಲಿಲ್ಲವಾ?”

“ನಾಲ್ಕ ಮಾತು ಮುಟ್ಟಿದ್ವು. ಏಳು ಮುಟ್ಟಲಿಲ್ಲರಿ.”

ಡಾಕ್ಟರು ಕೊರಳಿನ ಮೈಕು ಕಳಚಿ ಕೋಟಿನ ಜೇಬಿಗೆ ಹಾಕಿದರು. “ಬಾಗಿಲು ನಾನು ಒಳಗಿನಿಂದ ತೆಗಿತೇನೆ. ಇಬ್ಬರೂ ಬನ್ನಿ.”

*

ಒಳಗೆ ಮೊದಲು ತಡವರಿಸಿದವರು ಡಾಕ್ಟರೇ. ಆರು ವರ್ಷ ಅವರು ಪರದೆಗೆ ಮಾತಾಡಿದ್ದರು. ಎದುರಿನ ಕಣ್ಣುಗಳಿಗೆ ಹೇಗೆ ಹೇಳುವುದೆಂದು ಮರೆತಿತ್ತು. “ನನ್ನ ಕನ್ನಡ ನಿಮ್ಮ ಹಾಗಲ್ಲ. ಗೊತ್ತಾಗದಿದ್ದರೆ ತಡೀರಿ,” ಎಂದರು. “ದಾನೇಶ್ವರಿಯ ಕ್ಯಾನ್ಸರ್ ಪುನಃ ಬಂದಿದೆ.”

ಫಕೀರವ್ವನಿಗೆ ಅದು ಗೊತ್ತಿದ್ದ ಮಾತು. ಆದರೂ ಡಾಕ್ಟರ ಬಾಯಿಂದ ಬಂದಾಗ ಕುರ್ಚಿಯ ಹಿಡಿಯಲ್ಲಿ ಅವಳ ಬೆರಳು ಬೆಳ್ಳಗಾದವು. ಮೂರನೆಯ ವಾಕ್ಯಕ್ಕೆ, “ನಿಲ್ಲಸ್ರಿ,” ಎಂದಳು. ಎದ್ದು ಕಿಟಕಿಯ ಬಳಿ ಹೋದಳು. ಹೊರಗೆ ಯಾರೋ ಹೆಂಗಸು ಹುಡುಗನಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದಳು. ಶೇಖಪ್ಪ ಬಂದು ಹಿಂದೆ ನಿಂತ. ಡಾಕ್ಟರು ಕಾದರು. ಐದು ನಿಮಿಷವಾಗಿರಬಹುದು. ಅವಳು ನೀರು ಕುಡಿದು, ಮುಖ ಒರೆಸಿಕೊಂಡು, ಬಂದು ಕೂತಳು.

“ಮುಂದ ಹೇಳ್ರಿ.”

ಹೀಗೆ ಎರಡು ಸಲ ನಿಂತು, ಎರಡು ಸಲ ಮುಂದುವರಿದು, ಒಂದು ಗಂಟೆ ನಡೆಯಿತು. ಬಾಗಿಲ ಬಳಿ ಬಂದು ನಿಂತಿದ್ದ ಕೌಸರ್ ಎಲ್ಲವನ್ನೂ ನೋಡುತ್ತಿದ್ದಳು. ಕೇಳುವವಳೇ ಮಾತನ್ನು ನಿಲ್ಲಿಸಬಲ್ಲಳು, ಮತ್ತೆ ತಾನೇ ಬಂದು ಕೇಳಬಲ್ಲಳು ಎನ್ನುವುದು ಅವಳ ಯಾವ ಸೂತ್ರದಲ್ಲೂ ಇರಲಿಲ್ಲ.

ಫಕೀರವ್ವ ಕೊನೆಗೆ ಕೇಳಿದಳು: “ನಿಮ್ಮ ಮಗಳಾಗಿದ್ರ ಏನ್ ಮಾಡ್ತಿದ್ರಿ?”

“ಗೊತ್ತಿಲ್ಲ,” ಎಂದರು ಡಾಕ್ಟರು. ಅವರ ಕಣ್ಣು ತುಂಬಿತ್ತು. “ಸುಳ್ಳು ಹೇಳುವುದಿಲ್ಲ. ನಿಜವಾಗಿಯೂ ಗೊತ್ತಿಲ್ಲ. ದಾನೇಶ್ವರಿಗೆ ಹೇಳಿದ್ದೀರಾ?”

*

ದಾನಿಗೆ ಅವರು ಹೇಳಿದ್ದು ಮರುದಿನ ಮಧ್ಯಾಹ್ನ, ಮನೆಯ ಪಡಸಾಲೆಯಲ್ಲಿ. ರೋಗ ಮತ್ತೆ ಬಂದಿದೆ ಎಂದಾಗ ಹುಡುಗಿ ಅಳಲಿಲ್ಲ. ರಟ್ಟು ಹಾಕಿದ ಪುಸ್ತಕಗಳನ್ನು ಒಂದೊಂದಾಗಿ ಅಂಗಳಕ್ಕೆ ಎಸೆದಳು.

“ಸಾಲಿಗೆ ಹೋಗ್ತಿ ಅಂದಿ! ಸುಳ್ಳ ಹೇಳಿದಿ! ನೀವಿಬ್ಬರೂ ಸುಳ್ಳರು!”

“ಹೌದವ್ವಾ,” ಎಂದಳು ಫಕೀರವ್ವ. “ನನಗ ಗೊತ್ತಿಲ್ಲದ ಹೇಳಿದೆ. ಇನ್ನ ಹೇಳೂದಿಲ್ಲ.”

ಬುಧವಾರ ಬೆಳಿಗ್ಗೆ ಹುಡುಗಿ ಅಪ್ಪನ ಪಕ್ಕ ಬಂದು ಕೂತು ಕೇಳಿದಳು. ಸೂಜಿ ಎಲ್ಲಿ ಚುಚ್ಚುತ್ತಾರೆ? ಅಪ್ಪನದು ತೆಗೆದು ನನಗೆ ಹಾಕಿದರೆ ಅಪ್ಪ ಸಾಯುತ್ತಾನಾ? ಗಾಜಿನ ಕೋಣೆಯಲ್ಲಿ ಒಬ್ಬಳೇ ಇರಬೇಕಾ? ಶೇಖಪ್ಪ ಒಂದೊಂದಕ್ಕೂ ಉತ್ತರ ಹೇಳಿದ. ಅವನು ಜನ್ಮದಲ್ಲಿ ಅಷ್ಟು ಮಾತಾಡಿದ್ದೇ ಇಲ್ಲ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದ.

“ಆಗಲಿಲ್ಲಂದ್ರ?” ಎಂದಳು ದಾನಿ.

ಫಕೀರವ್ವ ಒಲೆಯ ಬಳಿಯಿಂದ ಎದ್ದು ಬಂದಳು. “ಆಗಲಿಲ್ಲಂದ್ರ ಮನಿಗೆ ಕರಕೊಂಡ ಬರ್ತೀವಿ. ನಾವಿಬ್ಬರೂ ನಿನ್ನ ಬಾಜೂಕ ಇರ್ತೀವಿ. ನಿನ್ನ ಬಿಟ್ಟ ಒಂದ ಮಾತೂ ಆಡೂದಿಲ್ಲ.”

ಹುಡುಗಿ ಅಪ್ಪನ ಬರಿಯ ಮುಂಗೈ ಹಿಡಿದುಕೊಂಡಳು. “ಮಾಡಸೂಣು,” ಎಂದಳು. “ಆದ್ರ ನನ್ನ ಕಿವಿಗೆ ಆ ಗುಂಡಿ ಹಾಕಬ್ಯಾಡ್ರಿ.”

ಶುಕ್ರವಾರ ಭರ್ತಿ ಮಾಡಿದರು. ಒಪ್ಪಿಗೆಯ ಕಾಗದವನ್ನು ಡಾಕ್ಟರು ಓದಿ ಹೇಳಿ, ಹೊಸದಾಗಿ ಬರೆಸಿಕೊಂಡರು. ಆಡಳಿತದವರು ಡಾಕ್ಟರಿಗೂ ಕೌಸರ್‌ಗೂ ನೋಟಿಸು ಕೊಟ್ಟರು. ಮೂವತ್ತೊಂದು ಕುಟುಂಬಗಳು ಅದರ ವಿರುದ್ಧ ರುಜು ಹಾಕಿದವು. ಬೇಡವೆಂದಿದ್ದ ಆ ಹಿರಿಯನೂ ಹಾಕಿದ. ಐದು ತಿಂಗಳ ಜಗ್ಗಾಟದ ನಂತರ ಮುಂಗೈ ಪಟ್ಟಿ ಹೋಯಿತು. ಹಿತವಾಣಿ ಉಳಿಯಿತು, ಏಕೆಂದರೆ ಉಳಿದ ಡಾಕ್ಟರುಗಳ ಇಂಗ್ಲಿಷು ಬಾರದವರಿಗೆ ಅದು ಬೇಕೇ ಬೇಕಿತ್ತು. ಆದರೆ ಈಗ ಅದು ‘ನಿಲ್ಲಿಸು’, ‘ಮುಂದೆ ಹೇಳು’ ಎಂಬ ಎರಡು ಮಾತಿಗೆ ಮಾತ್ರ ತಲೆಬಾಗುತ್ತಿತ್ತು. ಬೇಡವೆಂದವರಿಗೆ ಹೇಳುತ್ತಿರಲಿಲ್ಲ, ಕೇಳಿದವರಿಂದ ಮುಚ್ಚಿಡುತ್ತಿರಲಿಲ್ಲ. ಕೌಸರ್ ಇನ್ನೊಂದು ನಿಯಮ ಸೇರಿಸಿದ್ದಳು: ಒಬ್ಬರೇ ಬಂದವರಿಗೆ ದೊಡ್ಡ ಸುದ್ದಿ ಹೇಳುವ ಮೊದಲು, ಜೊತೆಗೆ ಯಾರನ್ನು ಕರೆಯಲಿ ಎಂದು ಯಂತ್ರ ಕೇಳಬೇಕು.

ಆ ತಿಂಗಳುಗಳಲ್ಲೇ ದಾನಿಗೆ ಅಪ್ಪನ ಮಜ್ಜೆ ಹಾಕಿದರು. ನಡುವೆ ಹತ್ತು ದಿನ ಜ್ವರ ಬಂದು, ಬಾಯಿ ಹುಣ್ಣಾಗಿ, ಹುಡುಗಿ ಗಾಜಿನಾಚೆಯಿಂದ ತಾಯಿಯ ಮುಖ ನೋಡುವುದನ್ನೂ ಬಿಟ್ಟಳು. ಆಗ ಡಾಕ್ಟರು ದಿನಾ ಎರಡು ಸಲ ಹೊರಬಂದು, ಇವತ್ತು ಹೆಚ್ಚಾಗಿದೆ, ಇವತ್ತು ಹಾಗೆಯೇ ಇದೆ ಎಂದು ಹೇಳಿ ಹೋಗುತ್ತಿದ್ದರು. ಫಕೀರವ್ವ ಕೇಳಿಸಿಕೊಂಡು, ಬಚ್ಚಲಿಗೆ ಹೋಗಿ ಅತ್ತು, ಬಂದು ಅದೇ ಗಾಜಿನ ಮುಂದೆ ನಿಲ್ಲುತ್ತಿದ್ದಳು.

ಮೂವತ್ತನೆಯ ದಿನದ ಪರೀಕ್ಷೆಯ ಫಲ ಬಂದಾಗ ಡಾಕ್ಟರ್ ಗ್ರೇಸಿ ಒಳಗೇ ಕುರ್ಚಿ ಎಳೆದುಕೊಂಡು ಕೂತರು. ಫಕೀರವ್ವ, ಶೇಖಪ್ಪ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮಂಚದ ಎರಡು ಬದಿಗಿದ್ದರು. ದಾನಿ ದಿಂಬಿಗೆ ಒರಗಿ ಕೂತಿದ್ದಳು.

“ಅಪ್ಪನ ಮಜ್ಜೆ ಹಿಡಿದಿದೆ,” ಎಂದರು ಡಾಕ್ಟರು. “ಈಗ ಕ್ಯಾನ್ಸರ್ ಕಾಣಿಸುವುದಿಲ್ಲ. ಆದರೆ ಎರಡು ವರ್ಷ ನಾನು ಗ್ಯಾರಂಟಿ ಹೇಳುವ ಹಾಗಿಲ್ಲ.”

“ಗ್ಯಾರಂಟಿ ಕೇಳಿಲ್ರಿ ನಾವು,” ಎಂದಳು ಫಕೀರವ್ವ. ದನಿ ನಡುಗಿತು. ಅವಳು ಅದನ್ನು ಅಡಗಿಸಿಕೊಳ್ಳಲಿಲ್ಲ.

“ಮತ್ತ ಬಂದ್ರ?” ಎಂದು ದಾನಿ ಕೇಳಿದಳು.

“ಬಂದರೆ ಬಂತು ಅಂತಲೇ ಹೇಳ್ತೇನೆ ಮಗಾ. ಬೇಕಾದರೆ ಮೊದಲು ನಿನಗೇ ಹೇಳ್ತೇನೆ.”

ದಾನಿ ಅಪ್ಪನ ಕಡೆ ನೋಡಿದಳು, ಅವ್ವನ ಕಡೆ ನೋಡಿದಳು, ತಲೆ ಅಲ್ಲಾಡಿಸಿದಳು.

“ನನಗ ಮೊದಲ ಬ್ಯಾಡ್ರಿ. ಯಾರಿಗೂ ಮೊದಲ ಬ್ಯಾಡ. ಮೂರೂ ಮಂದಿನ್ನ ಕುಂದರಿಸಿ ಹೇಳ್ರಿ, ಕೇಳ್ತೀವಿ.”